ಎಡಜೇಬಿನ ಹಲ್ಲು

ಹಲ್ಲು ಮಸೆಯುವುದೇ ಅವಳ ಹೊಟ್ಟೆಪಾಡು. ಹಾಗಾಗಿ ಡಾಕ್ಟರ ಮೇಲೆ ಹಲ್ಲು ಮಸೆಯಲು ಬೇರೆ ಹೊತ್ತು ಹೊಂದಿಸಿಕೊಳ್ಳುವ ಕಷ್ಟ ಅವಳಿಗಿರಲಿಲ್ಲ. ಹಲ್ಲಿನ ಕ್ಲಿನಿಕ್ಕಿನ ಹಿಂಭಾಗದ ಸಣ್ಣ ಕೋಣೆಯಲ್ಲಿ, ಕಿಟಕಿಗೆ ಅಂಟಿಕೊಂಡ ಮೇಜಿನ ಮುಂದೆ, ಕತ್ತು ಬಾಗುವ ದೀಪವನ್ನು ಎಳೆದುಕೊಂಡು ಕೂತರೆ ಆಯಿತು. ಕೈಗೂ ಅದೇ ಕೆಲಸ, ಮನಸ್ಸಿಗೂ ಅದೇ ಕೆಲಸ. ಇವತ್ತು ಮಾತ್ರ ಕೈಗೆ ಏನೂ ಇರಲಿಲ್ಲ. ಮೇಜು ಖಾಲಿ, ಕುಂಚಗಳನ್ನು ತೊಳೆದು ಒರೆಸಿ ಇಟ್ಟಾಗಿತ್ತು, ಪಿಂಗಾಣಿ ಪುಡಿಯ ಬಾಟಲಿಗಳ ಮುಚ್ಚಳ ಬಿಗಿದಾಗಿತ್ತು. ಸುಮ್ಮನೆ ಕೂತು ಬಿಳಿ ಕೋಟಿನ ಎರಡೂ ಜೇಬುಗಳನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡಳು. ಬಲಜೇಬಿನಲ್ಲೊಂದು ಪುಟ್ಟ ಡಬ್ಬಿ, ಎಡಜೇಬಿನಲ್ಲೊಂದು. ಎರಡರಲ್ಲೂ ಇರುವುದು ಡಾಕ್ಟರ ಬಾಯಿಗೆಂದು ಅವಳೇ ಮಾಡಿದ ಮುಂದಿನ ಹಲ್ಲೇ. ಬಲಗಡೆಯದು ಸರಿಯಾದದ್ದು. ಎಡಗಡೆಯದೂ ನೋಡುವವರಿಗೆ ಸರಿಯೇ: ಅದೇ ಬಣ್ಣ, ಅದೇ ಹೊಳಪು. ಆದರೆ ಅದರ ಬೆನ್ನಿನಲ್ಲಿ, ನಾಲಿಗೆ ತಾಗುವ ಕಡೆ, ಒಂದು ಕೂದಲೆಳೆಯಷ್ಟು ಹಳ್ಳವಿತ್ತು. ಬಾಯಿಗೆ ಹೋದ ಮೇಲೆ ಆ ಹಳ್ಳದಲ್ಲಿ ಗಾಳಿ ಜಾರಿ, 'ಸ' ಬಂದಲ್ಲೆಲ್ಲ ಸೀಟಿ ಹೊಡೆಯುತ್ತದೆ. ಉಜ್ಜಿ ಸರಿಮಾಡೋಣವೆಂದರೆ ಹಳ್ಳವನ್ನು ಉಜ್ಜಿದರೆ ಇನ್ನಷ್ಟು ಹಳ್ಳವೇ ಆಗುವುದು. ಒಡೆದು ತೆಗೆದು ಬೇರೆ ಹಾಕಬೇಕು, ಅಷ್ಟೇ.

ಎರಡರಲ್ಲಿ ಯಾವುದನ್ನು ಕೊಡುವುದೆಂದು ಅವಳಿನ್ನೂ ನಿರ್ಧರಿಸಿರಲಿಲ್ಲ. ಅಥವಾ ನಿರ್ಧರಿಸಿಯೂ ನಿರ್ಧರಿಸಿಲ್ಲ ಎಂದು ತನಗೇ ನೈಸ್ ಮಾಡಿಕೊಳ್ಳುತ್ತಿದ್ದಳು.

ಡಾಕ್ಟರು ಹಲ್ಲು ಮುರಿದುಕೊಂಡದ್ದು ತಮ್ಮದೇ ಹೊಸ ಗಾಜಿನ ಬಾಗಿಲಿಗೆ. ಮೇಲಿನ ಹೊಸ ಮಹಡಿಗೆ ಹೊಂದಲೆಂದು ಕ್ಲಿನಿಕ್ಕಿನ ಮುಂಭಾಗಕ್ಕೆ ತರಿಸಿದ ಬಾಗಿಲು ಎಷ್ಟು ಚೊಕ್ಕಟವಾಗಿತ್ತೆಂದರೆ ಅದಿರುವುದೇ ಕಾಣದೆ, ಫೋನಿನಲ್ಲಿ ಮಾತಾಡುತ್ತ ನಡೆದು ಹೋಗಿ ಧಡಾರನೆ ಬಡಿದರು. 'ನೈಸ್ ಡೋರ್' ಎಂದು ಆಗಷ್ಟೇ ಹೇಳಿದ್ದರಂತೆ. ಕೌಂಟರಿನ ಹುಡುಗಿ ಇದನ್ನು ಹೇಳುವಾಗ ನಗು ತಡೆಯಲಾರದೆ ಕೆಮ್ಮಿದ್ದಳು. ಆ ಮಹಡಿ ಮಿಷನ್ನಿನದು. ಬಾಯಿಯ ಚಿತ್ರ ತೆಗೆದು ಕೊಟ್ಟರೆ ಅದೇ ಹಲ್ಲು ಕೊರೆದು ಕೊಡುತ್ತದೆ, ಸೋಪಿನ ತುಂಡಿನಂಥ ಹಲ್ಲು, ಒಂದೇ ಬಣ್ಣ, ಒಂದೇ ಮುಖ. ಅದನ್ನು ನಡೆಸಲು ಕಲಿತವನು ಡಾಕ್ಟರ ಅಳಿಯ. ಇವತ್ತು ಸಂಜೆ ಅದರ ಉದ್ಘಾಟನೆ. ಇವತ್ತೇ ಅವಳ ಕೆಲಸದ ಕೊನೆಯ ದಿನ. ಹೋದ ತಿಂಗಳು ಅವಳನ್ನು ಕರೆದು ಕೂರಿಸಿ ಡಾಕ್ಟರು ಅದನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದ್ದರು: "ಮಿಷನ್ ಬಂತಲ್ಲಮ್ಮ, ಇನ್ನು ಕೈಕೆಲಸ ಇಟ್ಕೊಂಡು ಏನ್ಮಾಡ್ಲಿ? ಬೇರೆ ಯಾರಾದ್ರೂ ಆಗಿದ್ರೆ ಜಗಳ ಆಡ್ತಿದ್ರು. ನೀವು ತುಂಬ ನೈಸ್. ಅರ್ಥ ಮಾಡ್ಕೋತೀರ." ಅವಳು ಅರ್ಥ ಮಾಡಿಕೊಂಡವಳಂತೆ ತಲೆ ಆಡಿಸಿ ಬಂದಿದ್ದಳು. ಆ ತಲೆ ಆಡಿಸಿದ್ದು ನೆನಪಾದಾಗೆಲ್ಲ ಕಿವಿ ಬಿಸಿಯಾಗುತ್ತಿತ್ತು. ಅಂಥವರು, ಹಲ್ಲು ಮುರಿದ ಮಧ್ಯಾಹ್ನ, ಊದಿದ ತುಟಿಯನ್ನು ಕರವಸ್ತ್ರದಲ್ಲಿ ಒತ್ತಿಕೊಂಡು ಈ ಹಿಂಭಾಗದ ಕೋಣೆಗೆ ತಾವಾಗಿ ಬಂದು ನಿಂತು ಹೇಳಿದ್ದೇನು? "ಇದೊಂದು ನೀವೇ ಕೈಯಲ್ಲಿ ಮಾಡಿಬಿಡಿ. ಫ್ರಂಟು ನೋಡಿ, ಫಂಕ್ಷನ್ ಬೇರೆ ಇದೆ. ಮಿಷನ್ದು ಬೇಡ." ಊರಿನ ಬಾಯಿಗೆಲ್ಲ ಮಿಷನ್ನು, ತಮ್ಮ ಬಾಯಿಗೆ ಮಾತ್ರ ಅವಳ ಕೈ! ನಾಚಿಕೆ ಎನ್ನುವುದು ಬೇಡವೇ ಮನುಷ್ಯನಿಗೆ?

ನೈಸ್ ಎಂದರೆ ಮೊದಲು ಅವಳಿಗೆ ನುಣುಪು ಎಂದಷ್ಟೇ ಗೊತ್ತಿತ್ತು. ಚಿಕ್ಕವಳಿದ್ದಾಗ ಅಮ್ಮ ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಬೆರಳಲ್ಲಿ ಹೊಸಕಿ "ನೈಸಾಗಿದೆ ಕಣೇ" ಎನ್ನುತ್ತಿದ್ದಳು. ಹಿಟ್ಟು ನೈಸಾಗಿ ಬೀಸಿಸಿಕೊಂಡು ಬಾ ಎನ್ನುತ್ತಿದ್ದಳು. ಆಮೇಲೆ ಮನುಷ್ಯರೂ ನೈಸ್ ಮಾಡುತ್ತಾರೆಂದು ತಿಳಿಯಿತು. ಕೆಲಸ ಹೇಳಿದರೆ ಅಣ್ಣ ನೈಸಾಗಿ ಜಾರಿಕೊಳ್ಳುತ್ತಿದ್ದ, ಚಿಕ್ಕಮ್ಮ "ಅವಳು ನಿನಗೆ ನೈಸ್ ಮಾಡ್ತಿದ್ದಾಳೆ, ಹುಷಾರು" ಎಂದು ಕಿವಿ ಕಚ್ಚುತ್ತಿದ್ದಳು. ಹೊಗಳಿಕೆಯಾಗಿ ಆ ಪದ ಅವಳ ಬಾಗಿಲಿಗೆ ಬಂದದ್ದು ಮದುವೆಯ ಮಾತಿಗೆ ಬಂದವರ ಜೊತೆ. ಹೊರಡುವಾಗ ಗಂಡಿನ ಅಕ್ಕ ಮೆಟ್ಟಿಲ ಮೇಲೆ ನಿಂತು, ಚಪ್ಪಲಿ ಹುಡುಕುತ್ತ, "ಹುಡುಗಿ ನೈಸ್" ಎಂದಳು. ಆ ಮೆಟ್ಟಿಲು ಇಳಿದವರು ಮತ್ತೆ ಹತ್ತಲಿಲ್ಲ. ಆಮೇಲೆ ಡಾಕ್ಟರು. ಡಾಕ್ಟರಿಗೆ ಚಹಾ ನೈಸ್, ಎಕ್ಸ್‌ರೇ ನೈಸ್, ಹೊಸ ಕುರ್ಚಿ ನೈಸ್, ತೀರಿಹೋದ ಪೇಷೆಂಟು ಪಾಪ ನೈಸ್ ಮ್ಯಾನ್. ಅವಳು ಎರಡು ದಿನ ಉಸಿರು ಬಿಗಿಹಿಡಿದು ಮಾಡಿದ ಹಲ್ಲಿನ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ನೈಸ್. ಅಪ್ಪ ಹೋದ ಸುದ್ದಿ ಬಂದ ಬೆಳಿಗ್ಗೆ, ಅವರ ಕೋಣೆಯ ಬಾಗಿಲಲ್ಲಿ ನಿಂತು "ಸರ್, ನಮ್ಮಪ್ಪ ಹೋಗಿಬಿಟ್ರಂತೆ, ನಾನು ಹೊರಡ್ತೀನಿ" ಎಂದಾಗ ಅವರು ಎಕ್ಸ್‌ರೇ ಒಂದನ್ನು ಬೆಳಕಿಗೆ ಹಿಡಿದಿದ್ದರು. "ನೈಸ್, ನೈಸ್. ಹೋಗ್ಬನ್ನಿ" ಎಂದರು. ಬಸ್ಸಿನಲ್ಲಿ ಕೂತು ಅಪ್ಪನಿಗಾಗಿ ಅಳಬೇಕಾದವಳು ದಾರಿಯುದ್ದಕ್ಕೂ ಆ ಎರಡು ನೈಸುಗಳನ್ನು ಅಗಿಯುತ್ತ ಹೋಗಿದ್ದಳು. ಅದು ಅವಳಿಗೆ ಇವತ್ತಿಗೂ ಹೇಳಿಕೊಳ್ಳಲಾಗದ ಅವಮಾನ.

ಹೊಗಳಿಕೆ ಬೇಡವೆನ್ನುವ ಸಾಧ್ವಿಯೇನಲ್ಲ ಅವಳು. ಬೇಕಿತ್ತು, ಹೊಟ್ಟೆತುಂಬ ಬೇಕಿತ್ತು. ಚೆನ್ನಾಗಿ ಬಂದ ಹಲ್ಲನ್ನು ಡಾಕ್ಟರು ಹಾದುಹೋಗುವ ಕಡೆ, ದೀಪದ ಕೆಳಗೆ, ಅಕಸ್ಮಾತ್ತಾಗಿ ಇಟ್ಟವಳಂತೆ ಇಟ್ಟು ಕಾಯುತ್ತಿದ್ದಳು, ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಒಮ್ಮೆ ಬೇಕೆಂದೇ ಹಳದಿ ಹಲ್ಲುಗಳ ಮುದುಕನಿಗೆ ಹಾಲಿನಂಥ ಬಿಳಿ ಹಲ್ಲು ಮಾಡಿ ಮುಂದಿಟ್ಟಳು, ಬೈಯಲಿ ಎಂದು. ಬೈಯುವುದಕ್ಕಾದರೂ ನೋಡಬೇಕಲ್ಲ. "ನೈಸ್" ಎಂದರು. ಊಟದ ಹೊತ್ತಿನಲ್ಲಿ ಅವಳೇ ಅದನ್ನು ಬದಲಾಯಿಸಿ ಇಟ್ಟಳು. ಆವತ್ತು ಅವಳಿಗೆ ಒಂದು ವಿಷಯ ಖಚಿತವಾಯಿತು: ಈ ಮನುಷ್ಯನ ಬಾಯಿಗೆ ಏನನ್ನು ಹಾಕಿದರೂ ನಡೆಯುತ್ತದೆ. ಅದನ್ನು ಆಗ ನಗುತ್ತ ಅಂದುಕೊಂಡಿದ್ದಳು.

ಅಮ್ಮನದ್ದು ನಗುವ ವಿಷಯವಲ್ಲ. ಅಮ್ಮನ ಪೂರ್ತಿ ಹಲ್ಲುಸೆಟ್ಟನ್ನು ಅವಳೇ ಮಾಡಿದ್ದಳು. ಅವಳದೊಂದು ಪದ್ಧತಿಯಿತ್ತು. ಹಲ್ಲನ್ನು ಕೊನೆಯದಾಗಿ ಕೂರಿಸುವ ಮೊದಲು ಒಮ್ಮೆ ಸುಮ್ಮನೆ ಬಾಯಲ್ಲಿಟ್ಟು ಪೇಷೆಂಟನ್ನು ಮಾತಾಡಿಸುವುದು. "ನಿಮ್ಮ ಮನೆಗೆ ದಾರಿ ಹೇಳಿ" ಎಂದು ಕೇಳಿ, ಕುರ್ಚಿಯ ಹಿಂದೆ ಸ್ಟೂಲು ಹಾಕಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಸೀದಾ ಹೋಗಿ, ಸರ್ಕಲ್ಲಿನಲ್ಲಿ ತಿರುಗಿ, ಸೇತುವೆ ದಾಟಿ... ದಾರಿಯಲ್ಲಿ 'ಸ' ಎಲ್ಲಿ ಸೋರುತ್ತದೆ, 'ಫ' ಎಲ್ಲಿ ತಡವರಿಸುತ್ತದೆ ಎಂದು ಕಿವಿಯಲ್ಲೇ ಗೊತ್ತಾಗುತ್ತಿತ್ತು. ಅಮ್ಮ ದಾರಿ ಹೇಳಲಿಲ್ಲ; ಚಿಕ್ಕಮ್ಮನ ಮೇಲೆ ಚಾಡಿ ಹೇಳಿದಳು, ಹೇಳುತ್ತ ಹೇಳುತ್ತ ಹಳೆಯ ಹಾಗೆ ಬಾಯ್ತುಂಬ ನಕ್ಕಳು. ಒಂದಕ್ಷರವೂ ಸೋರಲಿಲ್ಲ. ಮರುದಿನ ಸೆಟ್ಟು ಕೂರಿಸುವಾಗ ಡಾಕ್ಟರಿಗೆ ಎಲ್ಲಿಗೋ ಹೊರಡುವ ಅವಸರ. ಕಚ್ಚಿಸಿ ನೋಡಿ, ಎತ್ತರವಾಯಿತೆಂದು ದವಡೆಹಲ್ಲುಗಳನ್ನು ಗರ್ರನೆ ಉಜ್ಜಿ ಚಪ್ಪಟೆ ಮಾಡಿ, "ನೈಸ್! ನೋವಿದ್ರೆ ಎರಡು ದಿನ ಅಷ್ಟೇ. ಅಭ್ಯಾಸ ಆಗುತ್ತೆ ಅಮ್ಮಾ" ಎಂದು ಕೈ ತೊಳೆದುಕೊಂಡರು. ಎರಡು ದಿನವಲ್ಲ, ವಸಡು ಹುಣ್ಣಾಯಿತು. ಮತ್ತೆ ಅಳತೆ ತೆಗೆಯಿರಿ, ಬೇರೆ ಮಾಡುತ್ತೇನೆ ಎಂದು ಅವಳು ಕೇಳಿದಾಗೆಲ್ಲ ಅದೇ ಮಾತು: ಅಭ್ಯಾಸ ಆಗುತ್ತೆ. ಅಭ್ಯಾಸವಾದದ್ದು ಹಲ್ಲಿಲ್ಲದೆ ಇರುವುದು. ಸೆಟ್ಟು ಈಗ ಅಡುಗೆಮನೆಯ ಕಪಾಟಿನಲ್ಲಿ, ಬಟ್ಟಲ ನೀರಿನಲ್ಲಿದೆ. "ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಅಂತಾರೆ. ನಮ್ಮನೇಲಿ ನೋಡು, ಎರಡೂ ಇದೆ" ಎಂದು ಅಮ್ಮ ತಮಾಷೆ ಮಾಡುತ್ತಾಳೆ, ಮಾಡಿ ನಗುತ್ತಾಳೆ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಮೊದಲು ಹಿಡಿಯುತ್ತಿರಲಿಲ್ಲ. ಮಾತಾಡಿಸುವ ಪದ್ಧತಿಯನ್ನೂ ಡಾಕ್ಟರು ಆಮೇಲೆ ನಿಲ್ಲಿಸಿಬಿಟ್ಟರು: "ಇದು ಕ್ಲಿನಿಕ್ಕು ಕಣಮ್ಮ, ಹರಟೆಕಟ್ಟೆ ಅಲ್ಲ."

ಬಲಜೇಬಿನ ಹಲ್ಲನ್ನು ಅವಳು ಮೊದಲು ಮಾಡಿದಳು. ಕೋಪದಲ್ಲೇ ಮಾಡಿದಳು, ಆದರೆ ಕೈಗೆ ಕೋಪ ಬರಲಿಲ್ಲ. ಡಾಕ್ಟರ ಪಕ್ಕದ ಹಲ್ಲಿನಲ್ಲಿ, ಬೆಳಕು ಓರೆಯಾಗಿ ಬಿದ್ದರೆ ಮಾತ್ರ ಕಾಣುವ ಒಂದು ಬಿರುಕುಗೆರೆ ಇತ್ತು. ಇಷ್ಟು ವರ್ಷ ಅವರು ಅವಳ ಮುಖ ನೋಡದೆ ಮಾತಾಡುವಾಗ ಅವಳು ಅವರ ಬಾಯಿ ನೋಡುತ್ತ ನಿಂತವಳು, ಅವಳಿಗದು ಗೊತ್ತಿತ್ತು. ಅದನ್ನೂ ಕುಂಚದ ತುದಿಯಲ್ಲಿ ಎಳೆದಳು. ಪಿಂಗಾಣಿ ಸುಡುವ ಒಲೆಯಿಂದ ಬಂದ ಹಲ್ಲನ್ನು ನೋಡಿ ಮೈ ಜುಮ್ಮೆಂದಿತು. ಇಂಥದ್ದನ್ನು ಅವಳು ಹಿಂದೆ ಮಾಡಿರಲಿಲ್ಲ. ಅವತ್ತು ಸಂಜೆ ಮನೆಯಲ್ಲಿ ಅಣ್ಣನ ಮಗಳು ಪ್ರಬಂಧ ಬರೆಯುತ್ತ ಕೂತಿದ್ದಳು. "ಅತ್ತೇ, ನೈಸ್ ಅಂತ ಬರೆದ್ರೆ ನಮ್ಮ ಇಂಗ್ಲಿಷ್ ಟೀಚರ್ ಕೆಂಪು ಗೀಟು ಹಾಕ್ತಾರೆ. ಏನೂ ಹೇಳೋಕೆ ತೋಚದೆ ಇರೋರು ಬರೆಯೋ ಪದ ಅಂತೆ ಅದು. ಹಳೇ ಕಾಲದಲ್ಲಿ ಅದಕ್ಕೆ ಪೆದ್ದು ಅಂತ ಅರ್ಥ ಇತ್ತಂತೆ, ಗೊತ್ತಾ?" ಪೆದ್ದು. ನೀವು ತುಂಬ ಪೆದ್ದು, ಅರ್ಥ ಮಾಡ್ಕೋತೀರ. "ಆಮೇಲೆ ಇನ್ನೊಂದು ಅರ್ಥನೂ ಬಂತಂತೆ. ತೀರಾ ಕೂದಲು ಸೀಳೋ ಅಷ್ಟು ನಿಖರ ಅಂತ. ಪೆದ್ದಿಗೂ ಇದಕ್ಕೂ ಏನತ್ತೆ ಸಂಬಂಧ?" "ಇರುತ್ತೆ ಬಿಡು" ಎಂದಳು ಅವಳು. ಮಾರನೆಯ ದಿನ ಬಂದು ಎರಡನೆಯ ಹಲ್ಲಿಗೆ ಕೈ ಹಾಕಿದಳು. ಮುಂಭಾಗವನ್ನು ಆ ಗೆರೆಯ ಸಮೇತ ಮೊದಲಿನದರಂತೆಯೇ ಮಾಡಿದಳು, ಕೆಡಿಸಬೇಕಾದದ್ದು ಬೆನ್ನು ಮಾತ್ರ. ಕೆಟ್ಟದ್ದನ್ನು ಮಾಡುವುದು ಒಳ್ಳೆಯದನ್ನು ಮಾಡುವುದಕ್ಕಿಂತ ಕಷ್ಟವೆಂದು ಆಗ ಗೊತ್ತಾಯಿತು; ಹಳ್ಳ ಹೆಚ್ಚಾದರೆ ತೊದಲಾಗುತ್ತದೆ, ಕಡಿಮೆಯಾದರೆ ನಾಲಿಗೆ ತಾನೇ ಹೊಂದಿಕೊಳ್ಳುತ್ತದೆ, ಸೀಟಿಗೆ ಬೇಕಾದದ್ದು ಕೂದಲೆಳೆಯ ಲೆಕ್ಕ. ಬೆನ್ನು ಕೊರೆಯುವಾಗ ಒಮ್ಮೆ ಉಪಕರಣ ಕೆಳಗಿಟ್ಟಳು. ಪಾಪ ಅನ್ನಿಸಿದ್ದು ಡಾಕ್ಟರ ಮೇಲಲ್ಲ, ಹಲ್ಲಿನ ಮೇಲೆ.

ಮಧ್ಯಾಹ್ನ ಕೌಂಟರಿನ ಹುಡುಗಿ ಬಂದು ಕರೆದಳು. "ಅಕ್ಕಾ, ಬೇಗ ಬರ್ಬೇಕಂತೆ. ಮೇಲೆ ಕುರ್ಚಿ ಹಾಕೋರು ಬೇರೆ ಬಂದಿದ್ದಾರೆ." ಪೇಷೆಂಟಿನ ಕುರ್ಚಿಯಲ್ಲಿ ಡಾಕ್ಟರು ಕಾಲು ಚಾಚಿ ಮಲಗಿದ್ದರು. ಅಳಿಯ ಇಂಜೆಕ್ಷನ್ ಕೊಟ್ಟು ಮುಗಿಸಿ ಕೈಗವಸು ಬದಲಾಯಿಸುತ್ತಿದ್ದ. ಡಾಕ್ಟರ ಮೇಲ್ದುಟಿ ಮರಗಟ್ಟಿ ಒಂದು ಕಡೆಗೆ ಜೋತುಬಿದ್ದಿತ್ತು, ಆದರೂ ಫೋನು ಕಿವಿಯಲ್ಲೇ ಇತ್ತು. ಅವಳು ಎರಡೂ ಜೇಬಿಗೆ ಎರಡು ಕೈ ಇಳಿಸಿ ನಿಂತಳು. ಮನಸ್ಸಿನಲ್ಲೊಂದು ಷರತ್ತು ಹಾಕಿಕೊಂಡಿದ್ದಳು. ಒಮ್ಮೆ, ಒಂದೇ ಒಂದು ಸಲ, ಇವರು ಡಬ್ಬಿ ಕೈಗೆ ತೆಗೆದುಕೊಂಡು ಹಲ್ಲನ್ನು ನೋಡಲಿ. ಇಲ್ಲವೇ ಕೂತು ನನ್ನೆದುರು ಎರಡು ಮಾತಾಡಲಿ. ಬಲಗಡೆಯದನ್ನೇ ಕೊಡುತ್ತೇನೆ, ಎಡಗಡೆಯದನ್ನು ಚರಂಡಿಗೆ ಎಸೆದು ಮನೆಗೆ ಹೋಗುತ್ತೇನೆ.

"ಸರ್, ಅಂಟಿಸೋಕೆ ಮುಂಚೆ ಒಂದೈದು ನಿಮಿಷ ಬಾಯಲ್ಲಿಟ್ಟು ಮಾತಾಡಿ. ನಾನು ಕೇಳ್ತೀನಿ."

ಡಾಕ್ಟರು ಫೋನನ್ನು ಎದೆಗೆ ಒತ್ತಿಕೊಂಡು, ಚಾವಣಿ ನೋಡುತ್ತಲೇ ನಕ್ಕರು. "ಅಯ್ಯೋ, ಮತ್ತೆ ಶುರು ಮಾಡಿದ್ರಾ ನಿಮ್ಮ ದಾರಿ ಕೇಳೋದು? ತುಟಿನೇ ಇಲ್ಲ ನನಗೆ ಈಗ. ಟೈಮ್ ಎಲ್ಲಿದೆ?"

"ಒಂದು ಸಲ ನೋಡಾದ್ರೂ ನೋಡಿ ಸರ್. ಕೈಯಲ್ಲಿ ಹಿಡಿದು."

"ನಿಮ್ಮ ಕೆಲಸ ನಾನು ನೋಡ್ಬೇಕಾ? ನೈಸಾಗೇ ಇರುತ್ತೆ" ಎಂದು ಮತ್ತೆ ಫೋನಿಗೆ ಹೋದರು. ಅಳಿಯ ಅವಳತ್ತ ಅಂಗೈ ಚಾಚಿದ: "ಕೊಡಿ ಮೇಡಂ." ಅವಳ ಎಡಗೈ ತಾನಾಗಿ ಜೇಬಿನಿಂದ ಹೊರಗೆ ಬಂತು. ಬಲಗೈ ಒಳಗೇ ಉಳಿಯಿತು. ಎಷ್ಟು ಸುಲಭವಾಗಿತ್ತೆಂದರೆ, ಇದನ್ನು ತಾನು ಮಾಡಿದೆನೋ ಅವರೇ ಕೇಳಿ ತೆಗೆದುಕೊಂಡರೋ ಎಂದು ಅವಳಿಗೆ ಅನುಮಾನವಾಯಿತು. ಅಂಟು ಗಟ್ಟಿಯಾದ ಮೇಲೆ ಅಳಿಯ ಕನ್ನಡಿ ಹಿಡಿದ. ಡಾಕ್ಟರು ಜೋತುಬಿದ್ದ ತುಟಿಯನ್ನು ಬೆರಳಲ್ಲಿ ಎತ್ತಿ ಅರೆಕ್ಷಣ ನೋಡಿ ಎದ್ದರು. ಹೊಗಳಿಕೆಯ ಪದ ಬಂತು, ಅದರ ಕೊನೆಯಲ್ಲಿ ಸಣ್ಣಗೆ, ತೆಳ್ಳಗೆ, ಚಹಾ ಕುದಿಯುವ ಮೊದಲು ಪಾತ್ರೆಯ ಮುಚ್ಚಳ ಮಾಡುವಂಥ ಶಬ್ದವೂ ಬಂತು. ಅಳಿಯ ತಲೆ ಎತ್ತಿದ. "ತುಟಿ ಮರಗಟ್ಟಿದೆ ನೋಡು" ಎಂದು ಡಾಕ್ಟರು ಅವನಿಗೆ ಸಮಾಧಾನ ಹೇಳಿ ಮೆಟ್ಟಿಲು ಹತ್ತಿದರು.

ಸಂಜೆಯ ಹೊತ್ತಿಗೆ ತುಟಿಗೆ ಜೀವ ಬಂದಿತ್ತು. ಮೇಲಿನ ಮಹಡಿಯ ತುಂಬ ಜನ: ಬೇರೆ ಡಾಕ್ಟರುಗಳು, ಅವರ ಹೆಂಡಿರು, ಮಿಷನ್ ಮಾರಿದ ಕಂಪನಿಯವರು, ಹಳೆಯ ಪೇಷೆಂಟುಗಳು, ಅವರ ಮಕ್ಕಳು. ಅವಳು ಕೊನೆಯ ಸಾಲಿನಲ್ಲಿ, ಕೌಂಟರಿನ ಹುಡುಗಿಯ ಪಕ್ಕ ಕೂತಳು. ಕೋಟು ತೆಗೆದಿರಲಿಲ್ಲ. ಬಲಜೇಬಿನ ಡಬ್ಬಿಯ ಮೂಲೆ ತೊಡೆಗೆ ಒತ್ತುತ್ತಿತ್ತು. ಡಾಕ್ಟರು ಮೈಕಿನ ಮುಂದೆ ನಿಂತು, ಟೈ ಸರಿಮಾಡಿಕೊಂಡು, "ಸ್ನೇಹಿತರೇ" ಎಂದರು. ಮೈಕು ಆ ಸೀಟಿಯನ್ನು ಎತ್ತಿಕೊಂಡು ನಾಲ್ಕೂ ಗೋಡೆಗೆ ಬಡಿಯಿತು. ಮೈಕಿನವನು ಓಡಿ ಬಂದು ಗುಬುಟು ತಿರುಗಿಸಿದ. ತಮ್ಮ ಸೀಟಿ ತಮಗೆ ಬಾಯೊಳಗೆ ಕೇಳಿಸುವುದಿಲ್ಲ, ಹೊರಗಿನಿಂದ ವಾಪಸು ಬಂದಾಗಲೇ ಕೇಳಿಸುವುದು. ಡಾಕ್ಟರಿಗೂ ಅದು ಮೈಕಿನ ದೋಷವೆಂದೇ ಅನ್ನಿಸಿರಬೇಕು. "ಸಂತೋಷದ ಸಂಗತಿ" ಎಂದರು. "ಸೇವೆ" ಎಂದರು. "ನಮ್ಮ ಸಂಸ್ಥೆ" ಎಂದರು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕರವಸ್ತ್ರ ಹುಡುಕಿಕೊಂಡಳು. ಕೌಂಟರಿನ ಹುಡುಗಿ ತಲೆ ಬಗ್ಗಿಸಿ, ಹೆಗಲು ಕುಲುಕಿಸುತ್ತ, "ಅಕ್ಕಾ, ಏನಕ್ಕಾ ಇದು, ಕುಕ್ಕರ್ ಇಟ್ಟ ಹಾಗಿದೆ" ಎಂದು ಪಿಸುಗುಟ್ಟಿದಳು. ಡಾಕ್ಟರು ಬೆವರೊರೆಸಿಕೊಂಡು ಅವಳ ಕಡೆ ಕೈ ತೋರಿಸಿದರು. "ಇವತ್ತು ನಮ್ಮನ್ನ ಬಿಟ್ಟು ಹೋಗ್ತಿರೋ ಇವರ ಬಗ್ಗೆ ಒಂದು ಮಾತು. ಇವರು ತುಂಬ ನೈಸ್..." ಸೀಟಿ ಈ ಸಲ ಉದ್ದವಾಗಿ, ನಿಧಾನವಾಗಿ ಬಂತು. ಎಲ್ಲೋ ನಡುವಿನಿಂದ ಒಂದು ಮಗು ಅದಕ್ಕೆ ಉತ್ತರವಾಗಿ, ಅಷ್ಟೇ ಉದ್ದ, ಸೀಟಿ ಹೊಡೆಯಿತು. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ.

ಎಲ್ಲರೂ ಹಿಂತಿರುಗಿ ಅವಳನ್ನೇ ನೋಡಿ ನಗುತ್ತಿದ್ದರು, ಅವಳೂ ಈ ತಮಾಷೆಯ ಒಂದು ಭಾಗವೆಂಬಂತೆ. ಅವಳು ನಗಲಿಲ್ಲ. ಡಾಕ್ಟರ ಕೈ ಮೇಲೆದ್ದು ಬಾಯಿಗೆ ಅಡ್ಡ ಬಂದು ನಿಂತದ್ದನ್ನು ನೋಡಿದಳು. ಅದು ಅಮ್ಮನ ಕೈಯೇ: ಹಾಗೇ ಬೆರಳು ಜೋಡಿಸಿ, ಹಾಗೇ ಹೆಬ್ಬೆರಳನ್ನು ಗಲ್ಲಕ್ಕೆ ಊರಿ. ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ. ಆಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಭಾಷಣ ಅರ್ಧಕ್ಕೆ ನಿಂತಿತು. ಜನ ತಿಂಡಿಯ ಮೇಜಿನ ಕಡೆ ಹೋದರು. ಅವಳು ಕೆಳಗೆ ಬಂದು ಮೇಜಿನ ದೀಪ ಆರಿಸುವಷ್ಟರಲ್ಲಿ ಡಾಕ್ಟರೇ ಬಂದರು, ಬಾಗಿಲು ಹಾಕಿಕೊಂಡರು. ದೀಪವನ್ನು ತಾವೇ ಮತ್ತೆ ಹೊತ್ತಿಸಿ, ಅವಳ ಸ್ಟೂಲಿನ ಮೇಲೆ ಕೂತು, ಕೈಕನ್ನಡಿ ಹಿಡಿದು ಬಾಯಿ ತೆರೆದರು. ಇಷ್ಟು ವರ್ಷದಲ್ಲಿ ಅವರು ಆ ಕೋಣೆಯಲ್ಲಿ ಕೂತದ್ದೇ ಇಲ್ಲ.

"ಎಲ್ಲಿ ತಪ್ಪಾಗಿದೆ ಹೇಳಿ. ನನಗೆ ಕಾಣಿಸ್ತಿಲ್ಲ" ಎಂದರು. ಸೀಟಿ ಬಂದಾಗ ಕಣ್ಣು ಮುಚ್ಚಿಕೊಂಡರು. ಮತ್ತೆ ತೆರೆದು ಕನ್ನಡಿಯನ್ನು ಆ ಕಡೆ ಈ ಕಡೆ ಓರೆ ಮಾಡಿದರು. ಅವಳು ಕಾದಳು. ಅವರು ಹುಡುಕುತ್ತಿದ್ದರು, ನಿಜವಾಗಿ, ಅಂಗುಲ ಅಂಗುಲವಾಗಿ, ಹುಡುಕುತ್ತ ಹುಡುಕುತ್ತ ಬೇರೇನನ್ನೋ ಕಂಡವರ ಹಾಗೆ ಕನ್ನಡಿಯನ್ನು ಹತ್ತಿರ ತಂದುಕೊಂಡರು. "ಇದೇನಿದು ಗೆರೆ? ಬಿರುಕಾ?... ಅಲ್ಲ. ಪಕ್ಕದ್ದರಲ್ಲೂ ಇದೆಯಲ್ಲ. ನೀವು ಬೇಕಂತ ಎಳೆದಿದ್ದೀರಾ? ನನ್ನ ಹಲ್ಲಲ್ಲಿ ಇದೊಂದು ಇದೆ ಅಂತ ನನಗೇ ಗೊತ್ತಿರಲಿಲ್ಲ." ಬೆರಳನ್ನು ಅಂಚಿನ ಮೇಲೆ ಮೆಲ್ಲಗೆ ಆಡಿಸಿದರು. "ಇಲ್ಲಿ ತುದೀಲಿ ನೀಲಿ ಥರ ಏನೋ... ಬೆಳಕು ಒಳಗಡೆ ಹೋಗಿ ನಿಲ್ತಾ ಇದೆ. ಇದು ಆ ಮಿಷನ್ ಕೈಲಿ ಆಗೋ ಮಾತಲ್ಲ. ಯಾವುದು ನನ್ನದು, ಯಾವುದು ನೀವು ಮಾಡಿದ್ದು ಅಂತ ನನಗೇ ಗೊತ್ತಾಗ್ತಿಲ್ಲ ಕಣಮ್ಮ."

ಆ ಪದ ಅದರಲ್ಲೆಲ್ಲೂ ಇರಲಿಲ್ಲ. ಅವಳು ದೀಪದ ಕೆಳಗೆ ಹಲ್ಲಿಟ್ಟು, ಗಂಟಲು ಸರಿಮಾಡಿಕೊಂಡು, ಕಾದಿದ್ದೆಲ್ಲ ಈ ಮಾತಿಗೇ. ಈಗ ಬಂದಿತ್ತು, ಒಂದೊಂದೇ, ಬಿಡಿಸಿ ಬಿಡಿಸಿ, ಅವಳು ಎಳೆದ ಗೆರೆಯ ಮೇಲೇ ಬೆರಳಿಟ್ಟು ಬಂದಿತ್ತು. ಮುಖವೆಲ್ಲ ಬಿಸಿಯಾಯಿತು, ಮೊದಲ ಸಲ ಶಾಲೆಯಲ್ಲಿ ಹೆಸರು ಹಿಡಿದು ಕರೆಸಿಕೊಂಡವಳ ಹಾಗೆ. ಅಯ್ಯೋ, ಅವರು ನೋಡುತ್ತಿರುವುದು ಎಡಜೇಬಿನದನ್ನು! ಇದನ್ನೇ ಇಷ್ಟು ನೋಡಿದವರು ಅದನ್ನು ನೋಡಿದ್ದರೆ... ಬಲಗೈ ಜೇಬಿನೊಳಗೆ ಡಬ್ಬಿಯನ್ನು ಹಿಡಿದಿತ್ತು. ಮುಚ್ಚಳ ಬೆರಳಿಗೆ ಸಿಕ್ಕಿತ್ತು. ಇದನ್ನು ಒಡೆದು ಅದನ್ನು ಕೂರಿಸಲು ಎಷ್ಟು ಹೊತ್ತು? ಮೇಲಿನವರು ತಿಂಡಿ ಮುಗಿಸುವುದರೊಳಗೆ ಆಗುತ್ತದೆ. ಡಾಕ್ಟರು ಕನ್ನಡಿ ಇಳಿಸಿ ಅವಳ ಮುಖ ನೋಡಿದರು. ಕೈ ಮತ್ತೆ ತಾನಾಗಿ ಬಾಯಿಗೆ ಅಡ್ಡ ಹೋಯಿತು. "ಎಲ್ಲಾ ಇಷ್ಟು ಚೆನ್ನಾಗಿದೆ. ಮತ್ತೆ ಈ ಸೀಟಿ ಯಾಕೆ? ಹೇಳಿ, ಏನ್ಮಾಡ್ಲಿ ನಾನು?"

ಆ ಅಡ್ಡ ಹಿಡಿದ ಕೈಯನ್ನು ಅವಳು ನೋಡಿದಳು. ಅಡುಗೆಮನೆಯ ಕಪಾಟು, ಬಟ್ಟಲು, ನೀರು. ಜೇಬಿನಿಂದ ಬಲಗೈಯನ್ನು ಖಾಲಿಯಾಗಿ ಹೊರತೆಗೆದು ದೀಪ ಆರಿಸಿದಳು.

"ಅಭ್ಯಾಸ ಆಗುತ್ತೆ ಸರ್."

ಅದು ತಮ್ಮದೇ ಮಾತೆಂದು ಅವರಿಗೆ ಹೊಳೆಯಿತೋ ಇಲ್ಲವೋ, ಕತ್ತಲಲ್ಲಿ ಅವರ ಮುಖ ಕಾಣಿಸಲಿಲ್ಲ. ಅವಳು ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು, ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ ಹೊರಬಂದಳು. ಆ ಡಬ್ಬಿಯೊಳಗಿನದನ್ನು ಇನ್ನು ಯಾರೂ ನೋಡುವುದಿಲ್ಲ, ಅದು ಕೂರುವ ಬಾಯಿ ಜಗತ್ತಿನಲ್ಲಿ ಒಂದೇ. ಅದು ಗೊತ್ತಿದ್ದೂ ಹೆಜ್ಜೆ ನಿಲ್ಲಲಿಲ್ಲ. ಹಿಂದಿನಿಂದ ಡಾಕ್ಟರು ನರ್ಸನ್ನು ಕರೆಯುವುದು ಕೇಳಿಸಿತು: "ಸಿಸ್ಟರ್! ಅವರನ್ನ ಸ್ವಲ್ಪ ನಿಲ್ಲಿಸಿ, ಸಿಸ್ಟರ್!" ಒಂದರ ಹಿಂದೊಂದು ಸೀಟಿ. ಕೌಂಟರಿನ ಹುಡುಗಿ ಕೈಯಲ್ಲಿ ತಿಂಡಿಯ ತಟ್ಟೆ ಹಿಡಿದು ಮೆಟ್ಟಿಲಿಳಿಯುತ್ತಿದ್ದವಳು ನಿಂತಳು.

"ಅಕ್ಕಾ, ಡಾಕ್ಟರು ಕರೀತಿದ್ದಾರೆ."

"ಕೇಳಿಸ್ತಿದೆ ಬಿಡು" ಎಂದು ಅವಳು, ಗಾಜಿದೆಯೋ ಇಲ್ಲವೋ ಎಂದು ಮೊದಲು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಬಾಗಿಲು ದೂಡಿದಳು.